ನೆರಳಿನ ಶಾಖ

ಮಾರ್ಚ್ 3
*ಕಣ: ಹೊರಗೆ 81, ಅಕ್ಕನ ಕೋಣೆ 76. ಶಾಖ: 31.*

ಅಕ್ಕ ಕೊನೆಗೂ ನಮ್ಮ ಮನೆಗೆ ಬಂದಳು. ಬಂದಳು ಅನ್ನುವುದಕ್ಕಿಂತ ಎಳೆದುಕೊಂಡು ಬಂದೆವು ಅನ್ನುವುದೇ ಸರಿ. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವಳಿಗೆ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುವುದೆಂದರೆ ಆಗದು. ಟ್ಯಾಕ್ಸಿಯವನಿಗೆ ದಾರಿಯುದ್ದಕ್ಕೂ ಗೇರು ಹೇಳಿಕೊಡುತ್ತಲೇ ಇದ್ದಳು. ನಮ್ಮದು ಕಟ್ಟಡದ ಕೊನೆಯ ಮಹಡಿ. ಮೆಟ್ಟಿಲು ಶುರುವಾದದ್ದೇ ಮಾತು ನಿಂತಿತು. ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು, ಉಸಿರು ಎಳೆದುಕೊಂಡು, "ಸ್ಟಾಪು" ಅಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ದಿನವೂ ಸಿಗರೇಟು ಮುಟ್ಟದವಳ ಶ್ವಾಸಕೋಶ ಜೀವಮಾನವಿಡೀ ಸೇದಿದವರ ಹಾಗಾಗಿದೆ ಎಂದರು ಡಾಕ್ಟರು. ಇನ್ನು ಮುಂದೆ ಹೊಗೆ, ಧೂಳು ಸೋಕಬಾರದಂತೆ. ಧೂಳೆಂದರೆ ಕಸಬರಿಕೆಗೆ ಸಿಗುವ ಧೂಳಲ್ಲ. ಕೂದಲೆಳೆಯ ಮುಂದೆ ಕೂಡ ಏನೇನೂ ಅಲ್ಲದಂಥ, ಉಸಿರಿನ ಜೊತೆ ಹೋಗಿ ರಕ್ತಕ್ಕೇ ಇಳಿಯುವ ಕಣ. ಅದರ ಬಗ್ಗೆ ಡಾಕ್ಟರು ನನಗೆ ಪಾಠ ಹೇಳಬೇಕಾಗಿಲ್ಲ. ನಗರದ ಮೇಲೆ ಎಷ್ಟು ಕಣ ತೇಲುತ್ತಿದೆ, ಎಷ್ಟು ಶಾಖ ಏರಿದೆ ಎಂದು ವರ್ಷಾನುವರ್ಷ ಅಳೆಯುವುದೇ ನನ್ನ ಹೊಟ್ಟೆಪಾಡು.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳು. ಇವಳ ಉಸಿರು ಈಗ ನನ್ನ ಕೈಯಲ್ಲಿದೆ. ಊರ ಗಾಳಿ ನನ್ನ ಮಾತು ಕೇಳುವುದಿಲ್ಲ, ಸರಿ. ಒಂದು ಕೋಣೆಯ ಗಾಳಿಯನ್ನಾದರೂ ಹದ್ದುಬಸ್ತಿನಲ್ಲಿಡಲಾಗದಿದ್ದರೆ ಇಷ್ಟು ವರ್ಷ ಓದಿ ಮಣ್ಣು ಹೊತ್ತ ಹಾಗೆ.

ಮಾರ್ಚ್ 7
*ಕಣ: ಹೊರಗೆ 84, ಕೋಣೆ 17. ಶಾಖ: 32.*

ಹದಿನೇಳು! ಕಚೇರಿಯ ಪ್ರಯೋಗಾಲಯದಲ್ಲೂ ಇಷ್ಟು ಶುದ್ಧ ಗಾಳಿ ಇಲ್ಲ.

ಕಿಟಕಿಯ ಸಂದುಗೊಂದಿಗೆಲ್ಲ ಟೇಪು ಅಂಟಿಸಿದೆ. ಬಾಗಿಲ ಕೆಳಗೆ ಬಟ್ಟೆ ತುರುಕಿದೆ. ಗಾಳಿ ಸೋಸುವ ಯಂತ್ರ ಹಗಲೂ ರಾತ್ರಿ ಗುಂಯ್ ಅನ್ನುತ್ತಿದೆ. ಫ್ಯಾನು ಬೇಡ ಅಂದೆ, ಕೂತ ಧೂಳನ್ನು ಎಬ್ಬಿಸುತ್ತದೆ. ಕಣ ಎಣಿಸುವ ಪುಟ್ಟ ಪೆಟ್ಟಿಗೆಯನ್ನು ಅಕ್ಕನ ತಲೆದಿಂಬಿನ ಪಕ್ಕವೇ ಇಟ್ಟಿದ್ದೇನೆ. ಹೆಂಡತಿ ಔಷಧಿ ಅಂಗಡಿಯಿಂದ ಬಂದವಳು ಹೊಸ್ತಿಲಲ್ಲೇ ನಿಂತು ನೋಡಿ, "ಇದೇನು ಕೋಣೆನಾ, ಡಬ್ಬಿನಾ?" ಅಂದಳು. ಕಿವಿಗೆ ಹಾಕಿಕೊಳ್ಳಲಿಲ್ಲ.

ಶಾಖಮಾಪಕಕ್ಕೆ ಜಾಗ ಹುಡುಕುವುದೇ ಕಷ್ಟವಾಯಿತು. ನಮ್ಮ ಕೆಲಸದ ಮೊದಲ ಪಾಠ: ಗೋಡೆ ಸುಳ್ಳು ಹೇಳುತ್ತದೆ, ತಾರಸಿ ಸುಳ್ಳು ಹೇಳುತ್ತದೆ, ಡಾಂಬರು ಸುಳ್ಳು ಹೇಳುತ್ತದೆ. ಬಿಸಿಲು ಕುಡಿದ ವಸ್ತುವಿನ ಹತ್ತಿರ ಶಾಖಮಾಪಕ ಇಟ್ಟರೆ ಅದು ಆ ವಸ್ತುವಿನ ಕಥೆ ಹೇಳುತ್ತದೆ, ಗಾಳಿಯದಲ್ಲ. ಆದ್ದರಿಂದ ಹುಲ್ಲಿನ ಮೇಲೆ, ನೆರಳಲ್ಲಿ, ಗಾಳಿ ಆಡುವ ಕಡೆ, ಎದೆಮಟ್ಟದಲ್ಲಿ, ಗೋಡೆಗೆ ತಗಲದ ಹಾಗೆ ತೂಗುಹಾಕಬೇಕು. ಅಕ್ಕನ ಕೋಣೆಗೆ ಪಡುವಣ ಗೋಡೆ, ಮೇಲೆ ಬೋಳು ತಾರಸಿ. ನಿಯಮ ಒಪ್ಪುವ ಒಂದು ಮೂಲೆಯೂ ಇಲ್ಲ. ಕೊನೆಗೆ ಬಾಗಿಲಾಚೆ, ಮೆಟ್ಟಿಲ ಗಾಳಿ ಬರುವ ಕಾರಿಡಾರಿನಲ್ಲಿ ತೂಗುಹಾಕಿದೆ. ದಿನದ ಅತಿ ಹೆಚ್ಚಿನ ಶಾಖವನ್ನು ಅದು ನೆನಪಿಟ್ಟುಕೊಳ್ಳುತ್ತದೆ; ಸಂಜೆ ಬಂದು ನೋಡಿದರೆ ಸಾಕು.

"ಏನೋ ಹವಾಮಾನ, ಇವತ್ತು ನಾನೆಷ್ಟು?" ಅಂತ ಕೇಳಿದಳು ಅಕ್ಕ. ನನಗೆ ಈ ಕೆಲಸ ಸಿಕ್ಕ ದಿನದಿಂದ ಅವಳ ಬಾಯಲ್ಲಿ ನಾನು ಹವಾಮಾನವೇ.

"ಕಣ ಹದಿನೇಳು, ಶಾಖ ಮೂವತ್ತೆರಡು. ರಾಣಿ ಥರ ಇದ್ದೀಯ."

"ರಾಣೀರಿಗೆ ಕಿಟಕಿ ಇರುತ್ತಪ್ಪ," ಅಂದಳು.

ಮಾರ್ಚ್ 18
*ಕಣ: ಹೊರಗೆ 79, ಕೋಣೆ 15. ಶಾಖ: 33.*

ಇಪ್ಪತ್ತೆರಡು ವರ್ಷಗಳ ಅಳತೆಯ ವರದಿ ಮೇ ತಿಂಗಳಿಗೆ ಹೊರಬರಬೇಕು. ಇವತ್ತು ಎರಡು ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಎಳೆದೆ. ಕಣದ ಗೆರೆ ಇಳಿಯುತ್ತಿದೆ: ಹಳೇ ಬಸ್ಸು ಹೋದವು, ಇಟ್ಟಿಗೆ ಗೂಡುಗಳು ಊರಾಚೆ ಹೋದವು, ಕಾರ್ಖಾನೆ ಚಿಮಣಿಗಳಿಗೆ ಜಾಲರಿ ಬಂತು. ಶಾಖದ ಗೆರೆ ಏರುತ್ತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಇದು ಕಾಕತಾಳೀಯವಲ್ಲ ಅನ್ನುವುದೇ ನನ್ನ ಸಂಕಟ. ಕಾಂಕ್ರೀಟು ಹೆಚ್ಚಿತು, ಮರ ಕಡಿಮೆಯಾಯಿತು, ಅದೆಲ್ಲ ಇದ್ದದ್ದೇ. ಆದರೆ ಆ ಹೊಗೆಯೂ ಅಷ್ಟಿಷ್ಟು ಬಿಸಿಲನ್ನು ಮೇಲಿನಿಂದಲೇ ಹಿಂದಕ್ಕೆ ಕಳಿಸುತ್ತಿತ್ತು. ಕೊಳಕು ಕೊಡೆ. ಕೊಡೆ ಮಡಚಿದೆವು, ಬಿಸಿಲು ನೇರ ನೆತ್ತಿಗೆ. ಇದನ್ನು ಬರೆದರೆ ಚಿಮಣಿಯವರು ಹಬ್ಬ ಮಾಡುತ್ತಾರೆ. ಬರೆಯದಿದ್ದರೆ ನಾನು ಸುಳ್ಳ. ಬಾಯಲ್ಲಿ ಬಿಸಿ ತುಪ್ಪ.

ನಿರ್ದೇಶಕರು ಹಾಳೆಯನ್ನು ಅತ್ತಿತ್ತ ತಿರುಗಿಸಿ, "ಮೊದಲ ಪುಟಕ್ಕೆ ಕಣ ಇರಲಿ, ಶಾಖ ನಲವತ್ತನೇ ಪುಟಕ್ಕೆ ಹೋಗಲಿ" ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಪೈಕಿ. ಜಗಳ ಬಾಯಿಗೆ ಬಂತು, ನುಂಗಿಕೊಂಡೆ.

ಮನೆಯಲ್ಲಿ ಕೂರಲಾಗುತ್ತಿಲ್ಲ. ಊಟದ ಮಧ್ಯೆ ಮೂರು ಸಲ ಎದ್ದು ಹೋಗಿ ಪೆಟ್ಟಿಗೆ ನೋಡಿ ಬಂದೆ. ಹದಿನೈದು, ಹದಿನೈದು, ಹದಿನಾರು. ಹದಿನಾರು ಯಾಕಾಯಿತು? ಹೆಂಡತಿ ಹೊದಿಕೆ ಕೊಡವಿದ್ದಳಂತೆ. ಹೊದಿಕೆಯನ್ನು ಹೊರಗೆ ಕೊಡವಬೇಕೆಂದು ಹೇಳಿದೆ. ಅವಳು ಮೂಗು ಮುರಿದಳು.

ಏಪ್ರಿಲ್ 4
*ಕಣ: ಹೊರಗೆ 72, ಕೋಣೆ 66 (!). ಶಾಖ: 34.*

ಅರವತ್ತಾರು! ಬಂದು ನೋಡಿದರೆ ಟೇಪು ಕಿತ್ತು ಬಿದ್ದಿದೆ, ಕಿಟಕಿ ನಾಲ್ಕು ಬೆರಳಷ್ಟು ತೆರೆದಿದೆ, ಅಕ್ಕ ಆ ಸಂದಿಗೆ ಮುಖ ಒಡ್ಡಿ ಕೂತಿದ್ದಾಳೆ. ಕಿರುಚಿದೆ. ಕಿರುಚಬಾರದಿತ್ತು, ಕಿರುಚಿದೆ.

"ಒಳಗೆ ಉರೀತಿದೆಯೋ," ಅಂದಳು.

"ಮೂವತ್ನಾಲ್ಕು ಅಷ್ಟೇ ಅಕ್ಕ."

"ಎಲ್ಲಿ?"

"ಇಲ್ಲೇ, ಬಾಗಿಲಾಚೆ."

"ನಾನು ಬಾಗಿಲೀಚೆ ಇದ್ದೀನಲ್ಲೋ."

ಗೋಡೆ ಹೇಗೆ ಸುಳ್ಳು ಹೇಳುತ್ತದೆ ಎಂದು ವಿವರಿಸಿದೆ. ಎಷ್ಟೋ ತರಬೇತಿಗಳಲ್ಲಿ ಹೇಳಿದ ಪಾಠ, ಸರಾಗವಾಗಿ ಬಂತು. ಜ್ವರ ಇದೆಯೇನೋ ಎಂದು ಹಣೆ ಮುಟ್ಟಿದೆ. ಬಿಸಿ ಇತ್ತು, ಜ್ವರವಲ್ಲ. "ನಿಂದು ಮೊದಲಿಂದ್ಲೂ ಉಷ್ಣದ ಮೈ. ಎಂಜಿನ್ ಪಕ್ಕ ಕೂತು ಕೂತು ಹಾಗಾಗಿದೆ" ಅಂದೆ. ತಮಾಷೆಗೆ. "ಇರಬಹುದು" ಅಂದಳು.

ಹೊಸ ಟೇಪು ಎರಡು ಸುತ್ತು ಅಂಟಿಸಿದೆ. ಹೆಂಡತಿ ಕತ್ತರಿ ಹಿಡಿದು ನಿಂತಿದ್ದಳು, ಸಹಾಯಕ್ಕೋ ಬೆದರಿಕೆಗೋ ಗೊತ್ತಿಲ್ಲ. "ಒಂದು ಎ.ಸಿ.ನಾದ್ರೂ ಹಾಕಿಸಿ" ಅಂದಳು. ಕಟ್ಟಡದ ವೈರು ತಡೆಯುವುದಿಲ್ಲ ಎಂದು ಯಾರಿಗೂ ಬಿಟ್ಟಿಲ್ಲ, ಅದು ಅವಳಿಗೂ ಗೊತ್ತು. ಬಿಟ್ಟಿದ್ದರೂ ನಾನು ಹಾಕಿಸುತ್ತಿದ್ದೆನೇ? ಒಳಗಿನ ಸೆಕೆಯನ್ನು ಬೀದಿಗೆ ಎಸೆಯುವ ಯಂತ್ರ ಅದು. ನಮ್ಮ ರಾತ್ರಿಗಳು ಯಾಕೆ ತಣಿಯುತ್ತಿಲ್ಲ ಎಂಬುದಕ್ಕೆ ನನ್ನ ಹತ್ತಿರ ಒಂದು ಇಡೀ ಅಧ್ಯಾಯವಿದೆ. ಅದನ್ನು ಅವಳಿಗೆ ಹೇಳಲು ಶುರುಮಾಡಿದೆ. ಅವಳು ಅಡುಗೆಮನೆಗೆ ಹೋದಳು.

ಏಪ್ರಿಲ್ 12
*ಕಣ: ಹೊರಗೆ 70, ಕೋಣೆ 14. ಶಾಖ: 35.*

ಸಭೆ. ಕಾರ್ಖಾನೆಗಳ ಪರವಾಗಿ ಒಬ್ಬ ಕೋಟಿನವನು ಬಂದಿದ್ದ. ನನ್ನ ಎರಡು ಗೆರೆಗಳನ್ನು ನೋಡಿ, "ಹಾಗಾದ್ರೆ ಹೊಗೆಯೂ ಒಂದು ಸಮಾಜಸೇವೆ ಅನ್ನಿ ಸಾರ್" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂವತ್ತು ಸೆಕೆಂಡಾದ ಮೇಲೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಆ ಸಮಾಜಸೇವೆಯನ್ನು ಇಪ್ಪತ್ತೆಂಟು ವರ್ಷ ಮೂಗಿನಲ್ಲಿ ತುಂಬಿಕೊಂಡವಳು ನನ್ನ ಮನೆಯಲ್ಲಿ ಮಲಗಿದ್ದಾಳೆ ಎಂದು ಹೇಳಬೇಕಿತ್ತು. ಉತ್ತರ ಯಾವಾಗಲೂ ಮೆಟ್ಟಿಲಿಳಿಯುವಾಗ ಹೊಳೆಯುತ್ತದೆ.

ಏಪ್ರಿಲ್ 20
*ಕಣ: ಹೊರಗೆ 68, ಕೋಣೆ 12. ಶಾಖ: 36.*

ಹನ್ನೆರಡು. ದಾಖಲೆ.

ಅಕ್ಕನೂ ಹೊಂದಿಕೊಂಡಿದ್ದಾಳೆ. ಸೆಕೆ ಅನ್ನುವುದಿಲ್ಲ, ಟೇಪು ಮುಟ್ಟುವುದಿಲ್ಲ. ಸಂಜೆ ನಾನು ಅಂಕಿ ಓದಿ ಹೇಳಿದರೆ "ಒಳ್ಳೇದಾಯ್ತು" ಅನ್ನುತ್ತಾಳೆ. ಕೆಮ್ಮು ಅರ್ಧಕ್ಕರ್ಧ ಇಳಿದಿದೆ. ಜಾಸ್ತಿ ನಿದ್ದೆ ಮಾಡುತ್ತಾಳೆ, ಊಟ ಸ್ವಲ್ಪ ಕಡಿಮೆಯಾಗಿದೆ, ಬೈಗುಳವೂ ಕಡಿಮೆಯಾಗಿದೆ. ಮೊನ್ನೆ ನನ್ನನ್ನು ಹೆಸರು ಹಿಡಿದು ಕರೆದಳು, ಹವಾಮಾನ ಅನ್ನಲಿಲ್ಲ. ವಯಸ್ಸಾಗುತ್ತಿದ್ದ ಹಾಗೆ ಮನುಷ್ಯರು ಮೆತ್ತಗಾಗುತ್ತಾರೆ.

"ಅವರು ಮಾತಾಡ್ತಾ ಇಲ್ಲ, ನೋಡಿದ್ರಾ?" ಅಂದಳು ಹೆಂಡತಿ. ಉಸಿರು ಉಳಿಯುತ್ತದೆ, ಒಳ್ಳೆಯದೇ ಅಂದೆ.

ವರದಿಯ ಮೊದಲ ಪುಟವನ್ನು ಏಳನೇ ಸಲ ತಿದ್ದಿದೆ. ಒಂದು ವಾಕ್ಯವೂ ನಿಲ್ಲುತ್ತಿಲ್ಲ.

ಏಪ್ರಿಲ್ 26

ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಅಕ್ಕ ಒಳಗಿದ್ದಾಳೆ. ಬದುಕುತ್ತಾಳೋ ಇಲ್ಲವೋ ಇನ್ನೂ ಹೇಳುತ್ತಿಲ್ಲ.

ಹೆಂಡತಿಗೆ ಏನೋ ಅನಿಸಿ ಮಧ್ಯಾಹ್ನವೇ ಅಂಗಡಿಯಿಂದ ಮನೆಗೆ ಬಂದಿದ್ದಾಳೆ. ಕೋಣೆಯಲ್ಲಿ ಅಕ್ಕ ಇಲ್ಲ. ಬಚ್ಚಲ ನೆಲಕ್ಕೆ ಕೆನ್ನೆ ಒತ್ತಿ ಮಲಗಿದ್ದಳಂತೆ. ಜಾರಿ ಬಿದ್ದದ್ದಲ್ಲ. ತಲೆದಿಂಬು ತೆಗೆದುಕೊಂಡು ಹೋಗಿದ್ದಳು. ತಣ್ಣಗಿರುತ್ತದೆ ಎಂದು ತಾನೇ ಹೋಗಿ ಮಲಗಿದವಳು ಎದ್ದಿಲ್ಲ. ಮೈ ಕೆಂಡ, ಚರ್ಮ ಒಣಗಿ ಕಾಗದ, ಕರೆದರೆ ಏನೋ ಬಸ್ ಸ್ಟಾಪುಗಳ ಹೆಸರು ಹೇಳುತ್ತಿದ್ದಳಂತೆ.

ಏಪ್ರಿಲ್ 27

ಜೀವಕ್ಕಿದ್ದ ಅಪಾಯ ದಾಟಿದೆ ಅಂದರು. ಅಂದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕಣ್ಣ ಕೆಳಗೆ ಕಪ್ಪು, ಮಾತು ಚುಟುಕು.

"ಶಾಖದ ಹೊಡೆತ. ಶ್ವಾಸಕೋಶ ಕೆಟ್ಟವರಿಗೆ ಧೂಳು ಎಷ್ಟು ಕೆಡುಕೋ ಸೆಕೆನೂ ಅಷ್ಟೇ ಕೆಡುಕು. ಅವರ ಕೋಣೆ ಎಷ್ಟಿತ್ತು?"

"ಮೂವತ್ತಾರು ದಾಟಿಲ್ಲ. ದಿನಾ ನೋಡ್ತೀನಿ," ಅಂದೆ. ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಅದು ಈಗ ಕೇಳಿಸುತ್ತಿದೆ.

"ಹಾಸಿಗೆ ಮೇಲೆ?"

"ಹಾಸಿಗೆ ಮೇಲೆ ಇಡೋ ಹಾಗಿಲ್ಲ. ಗೋಡೆ ಹತ್ತಿರ ತಪ್ಪು ತೋರಿಸುತ್ತೆ."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಅವರು ಮಲಗ್ತಿದ್ದದ್ದು ಗೋಡೆ ಹತ್ತಿರ ತಾನೇ?"

ಉತ್ತರಕ್ಕೆ ಕಾಯದೆ ಮುಂದಿನ ರೋಗಿಯ ಕಡೆ ಹೋದಳು.

ಏಪ್ರಿಲ್ 29

ರಜೆ ಹಾಕಿ ಮಧ್ಯಾಹ್ನ ಮನೆಗೆ ಹೋದೆ. ಅವಳ ಕೋಣೆಯ ಬಾಗಿಲು ಮುಚ್ಚಿ, ಕೆಳಗೆ ಬಟ್ಟೆ ತುರುಕಿ, ಅವಳ ಹಾಸಿಗೆಯ ಮೇಲೆ ಮಲಗಿದೆ.

ಮೊದಲು ಏನೂ ಅನಿಸಲಿಲ್ಲ. ಆಮೇಲೆ ತಾರಸಿ ಇಳಿಯತೊಡಗಿತು. ಹಾಗೇ ಅನಿಸಿತು, ಯಾರೋ ಮುಖದ ಮೇಲೆ ಬಿಸಿ ಕೈ ತರುತ್ತಿರುವ ಹಾಗೆ. ಬೆನ್ನು ಹಾಸಿಗೆಗೆ ಅಂಟಿತು. ಪಕ್ಕಕ್ಕೆ ಹೊರಳಿದರೆ ಗೋಡೆ. ಮುಟ್ಟಿದೆ, ಕೈ ಹಿಂದಕ್ಕೆ ಬಂತು. ಬಾಯಿ ಒಣಗಿತು. ಎದ್ದು ಕೂರೋಣ ಅಂದುಕೊಂಡೆ, ಅವಳು ಎಷ್ಟು ಹೊತ್ತು ಇರುತ್ತಿದ್ದಳು ಎಂದು ನೆನೆದು ಮತ್ತೆ ಮಲಗಿದೆ. ಪಕ್ಕದಲ್ಲಿ ಯಂತ್ರ ಗುಂಯ್ ಅನ್ನುತ್ತ ಕುದಿಯುವ ಗಾಳಿಯನ್ನು ಚೊಕ್ಕಟವಾಗಿ ಸೋಸುತ್ತಿತ್ತು. ಎದೆ ಬಡಿದುಕೊಳ್ಳತೊಡಗಿತು. ನನ್ನದು ಗಟ್ಟಿ ಶ್ವಾಸಕೋಶ. ನಾನು ಅರ್ಧ ಗಂಟೆಯೂ ತಡೆಯಲಿಲ್ಲ, ಬಾಗಿಲು ಒದ್ದುಕೊಂಡು ಕಾರಿಡಾರಿಗೆ ಬಂದೆ. ಕಾರಿಡಾರು ತಣ್ಣಗಿತ್ತು, ಆಹಾ ಅನ್ನುವಷ್ಟು ತಣ್ಣಗೆ. ಅಲ್ಲಿಯೇ ನೆಲದ ಮೇಲೆ ಕೂತು ಅತ್ತೆ.

ಅಳೆಯಲೆಂದು ಇನ್ನೊಂದು ಶಾಖಮಾಪಕ ಕೊಂಡುಹೋಗಿದ್ದೆ. ಕೈಯಲ್ಲೇ ಇತ್ತು. ನೋಡಿದ ನೆನಪಿಲ್ಲ.

ಆಮೇಲೆ ಟೇಪು ಕಿತ್ತೆ. ಗೋಡೆಯ ಬಣ್ಣವೂ ಅದರ ಜೊತೆ ಕಿತ್ತು ಬಂತು.

ಮೇ 3

ಅಕ್ಕ ಇವತ್ತು ಎದ್ದು ಕೂತಿದ್ದಳು. ಮೊದಲು ಕೇಳಿದ್ದು ಚಹಾ, ಎರಡನೆಯದು ಪಕ್ಕದ ಹಾಸಿಗೆಯವಳು ಯಾಕೆ ಅಷ್ಟು ಗೊರಕೆ ಹೊಡೆಯುತ್ತಾಳೆ ಎಂದು. ಚಹಾ ತಂದುಕೊಟ್ಟು, ಶಾಖಮಾಪಕದ ವಿಷಯ ಹೇಳಿದೆ. ತಪ್ಪಾಯಿತು ಅಂದೆ. ಇನ್ನೂ ಏನೇನೋ ಹೇಳಿದೆ, ಸಾಲು ಸಾಲಾಗಿ ಬರಲಿಲ್ಲ.

ಅವಳು ಬಟ್ಟಲು ಊದಿ ಊದಿ ಕುಡಿದಳು. ಆಮೇಲೆ ಹೇಳಿದಳು, "ನೀನು ದಿನಾ ಸಂಜೆ ಅಷ್ಟು ಖುಷಿಯಾಗಿ ಬಂದು ಓದಿ ಹೇಳ್ತಿದ್ದೆ. ಅಂಕಿ ಸರಿ ಇದೆ ಅಂತ. ಓದಿದವನು, ಇವನಿಗೆ ಗೊತ್ತಿಲ್ದೆ ಇರುತ್ತಾ ಅನ್ಕೊಂಡೆ. ಅಂಕಿ ಸರಿ ಇದ್ರೆ ತಪ್ಪು ನನ್ನ ಮೈದೇ ಇರಬೇಕು ಅಂತ ಸುಮ್ಮನಾದೆ."

ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತೆಂಟು ವರ್ಷ ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದವಳು. ಅವಳು ತನ್ನ ಮೈಯ ಮಾತು ಬಿಟ್ಟು ನನ್ನ ಮಾತು ನಂಬಿದಳು.

"ಮತ್ತೆ ಬಚ್ಚಲಿಗೆ ಯಾಕೆ ಹೋದೆ?" ಅಂದೆ.

"ಅದು ಮೈಯೇ ಕರ್ಕೊಂಡು ಹೋಯ್ತು. ನನ್ನ ಕೇಳ್ಲಿಲ್ಲ."

ಪಕ್ಕದ ಹಾಸಿಗೆಯವಳು ಗೊರಕೆ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು.

ಮೇ 9

ವರದಿಯ ಕೊನೆಯ ಸಭೆ. ಮೊದಲ ಪುಟಕ್ಕೆ ಎರಡೂ ಗೆರೆ ಹಾಕಿದ್ದೆ. ಕೆಳಗೆ ಬರೆದಿದ್ದೆ: ಹೊಗೆ ಇಳಿದದ್ದು ನಮ್ಮ ಗೆಲುವು, ಇನ್ನೂ ಇಳಿಯಬೇಕು, ಅದು ಮರೆಮಾಚಿದ್ದ ಬಿಸಿಲು ಈಗ ಮನೆಗಳ ಮೇಲೆ ಬಿದ್ದಿದೆ, ನೆರಳನ್ನು ನಾವೇ ಕಟ್ಟಿಕೊಡಬೇಕು. ಮತ್ತು, ಈ ವರದಿಯಲ್ಲಿರುವ ಶಾಖವೆಲ್ಲ ಹುಲ್ಲಿನ ಮೇಲಿನ ನೆರಳಿನದು, ಅಲ್ಲಿ ಯಾರೂ ವಾಸಿಸುವುದಿಲ್ಲ. ತಾರಸಿಯ ಕೆಳಗೆ ಮಲಗುವವರ ಶಾಖವನ್ನು ನಾವು ಒಮ್ಮೆಯೂ ಅಳೆದಿಲ್ಲ.

ನಿರ್ದೇಶಕರು ಕನ್ನಡಕ ತೆಗೆದರು. "ಇಪ್ಪತ್ತೆರಡು ವರ್ಷದ ಕೆಲಸದ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ?"

"ಅಂಕಿ ಸುಳ್ಳಲ್ಲ ಸಾರ್. ಯಾರ ಅಂಕಿ ಅಂತ ಹೇಳ್ಬೇಕು, ಅಷ್ಟೇ."

ಕೋಟಿನವನು ಬಾಯಿ ತೆರೆದ. ಅವನು ಏನು ಹೇಳುತ್ತಾನೋ ಕೇಳಲು ಮೊದಲಾದರೆ ಕೂತಿರುತ್ತಿದ್ದೆ. "ನಮ್ಮಕ್ಕ ಆ ಹೊಗೆ ಕುಡಿದೇ ಹಾಸಿಗೆ ಹಿಡಿದದ್ದು. ಅದನ್ನ ಸೇವೆ ಅನ್ಬೇಡಿ" ಎಂದು ಅವನಿಗೆ ಹೇಳಿ ಎದ್ದೆ. ಡಾಕ್ಟರಮ್ಮ ಹೊರರೋಗಿಗಳ ಕಡೆ ಹೋಗುವ ಮುಂಚೆ ಅವಳನ್ನು ಹಿಡಿಯಬೇಕಿತ್ತು. ಆ ಸಾಲುಗಳು ಉಳಿದವೋ ಅಡಿಟಿಪ್ಪಣಿಗೆ ಇಳಿದವೋ, ಇನ್ನೂ ಯಾರನ್ನೂ ಕೇಳಿಲ್ಲ.

ಮೇ 12

ಅಕ್ಕ ಮನೆಗೆ ಬಂದಳು. ಮೆಟ್ಟಿಲು ಹತ್ತಿಸಲಿಲ್ಲ, ನಾನೂ ಕಟ್ಟಡದ ಕಾವಲುಗಾರನೂ ಕುರ್ಚಿಯ ಮೇಲೆ ಕೂರಿಸಿ ಎತ್ತಿಕೊಂಡು ಬಂದೆವು. ಎಡಕ್ಕೆ, ಬಲಕ್ಕೆ, ನಿಧಾನ, ಕ್ಲಚ್ಚು ಬಿಡು ಎಂದು ಮೇಲಿನಿಂದ ಬೈಯುತ್ತಲೇ ಇದ್ದಳು.

ಹಾಸಿಗೆಯನ್ನು ಬಡಗಣ ಕಡೆಯ ಹಜಾರಕ್ಕೆ ತಂದಿದ್ದೇವೆ. ತಾರಸಿಗೆ ಸುಣ್ಣ ಬಳಿಸಿ, ಮೇಲೆ ಬಿದಿರಿನ ಚಪ್ಪರ ಹಾಕಿಸಿದೆ. ಸುಣ್ಣ ಬಳಿದವನಿಗಿಂತ ನನ್ನ ಮೈಮೇಲೇ ಹೆಚ್ಚು ಸುಣ್ಣವಿದೆ ಎಂದು ಹೆಂಡತಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಬೆಳಿಗ್ಗೆ ಬಸ್ಸುಗಳು ಹೊರಡುವ ಹೊತ್ತಿಗೆ ಕಿಟಕಿ ಮುಚ್ಚಿ, ಮಿಕ್ಕಾಗ ನೋಡಿಕೊಂಡು ತೆಗೆಯಿರಿ ಅಂದಿದ್ದಾಳೆ ಡಾಕ್ಟರಮ್ಮ. ಏನನ್ನು ನೋಡಿಕೊಂಡು ಎಂದು ಕೇಳಿದ್ದಕ್ಕೆ, "ಅವರನ್ನ" ಅಂದಳು.

ಸಂಜೆ ಅಕ್ಕ "ಸೆಕೆ" ಅಂದಳು. ಎದ್ದು ಹೋಗಿ ಕಿಟಕಿ ತೆಗೆದೆ. ತಂಗಾಳಿ, ಕೆಳಗಿನ ರಸ್ತೆಯ ಹೊಗೆ, ಬಸ್ಸಿನ ಹಾರನ್ನು, ಎಲ್ಲ ಒಟ್ಟಿಗೇ ಒಳಬಂದವು. ಅವಳು ಕಣ್ಣು ಮುಚ್ಚಿ ಮುಖ ಒಡ್ಡಿದಳು. ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಯಿತು. ನನ್ನ ಕೈ ತಾನಾಗಿ ಚಿಲಕಕ್ಕೆ ಹೋಯಿತು.

"ಮುಚ್ಚಲಾ?"

"ತಡಿಯೋ. ಕೆಮ್ಮು ನಂದು. ಸಾಕು ಅನ್ಸಿದಾಗ ನಾನೇ ಹೇಳ್ತೀನಿ."

ಕೈಯನ್ನು ಚಿಲಕದ ಮೇಲೆಯೇ ಇಟ್ಟುಕೊಂಡು, ಅವಳ ಮುಖ ನೋಡುತ್ತ ನಿಂತೆ. ಅವಳು ಬೇಗ ಹೇಳಲಿಲ್ಲ.